ಹನ್ನೆರಡು ಜನ ಸಿಗದ ಕಾಡು

ಕಿಟಕಿಯಾಚೆ ಕಾಲುವೆಯ ದಡದಲ್ಲಿ ಒಂದು ಕೊಕ್ಕರೆ, ಅರೆ, ನೋಡುವಷ್ಟರಲ್ಲಿ ಹೋಗಿಯೇಬಿಟ್ಟಿತು, ಈ ರೈಲಿಗೆ ಅದೇನು ಅವಸರವೋ, ಅಶ್ವಿತಾಳಿಗಂತೂ ಒಂದಿಷ್ಟೂ ಇಲ್ಲ, ಹಾರ್ಲೆಮ್‌ನಿಂದ ಗ್ರೋನಿಂಗನ್‌ಗೆ ಎರಡೂವರೆ ಗಂಟೆ ಎಲ್ಲಿ ಸಾಕು, ಎರಡೂವರೆ ದಿನವಾದರೂ ಬೇಕಿತ್ತು — ಗಾಜಿನ ಮೇಲೆ ‘ಸ್ಟಿಲ್ಟೆ’ ಎಂದು ಬರೆದಿರುವ ಮೌನದ ಬೋಗಿಯನ್ನೇ ಹುಡುಕಿ ಕೂತಿದ್ದಾಳೆ, ಇಲ್ಲಿ ಮಾತಾಡಿದರೆ ಡಚ್ಚರು ಕಣ್ಣಲ್ಲೇ ಸುಟ್ಟುಬಿಡುತ್ತಾರೆ, ಒಳ್ಳೆಯದೇ, ಯಾರೂ ಏನೂ ಕೇಳುವುದಿಲ್ಲ, ಆದರೆ ತಮ್ಮ ಅವಿನ್ ನಿನ್ನೆ ಸಂಜೆ ಅಮೆರಿಕದಿಂದ ಮಾಡಿದ ಫೋನು ತಲೆಯೊಳಗೆ ಇನ್ನೂ ಮುಗಿದಿಲ್ಲ, ಅಕ್ಕ, ಲಾಯರಿಗೆ ಒಂದು ದಾರಿ ಸಿಕ್ಕಿದೆ ಮಾರಾಯ್ತಿ, ಕೇಸೇ ನಡಿಲಿಕ್ಕಿಲ್ಲ, ನಿನ್ನನ್ನು ಸಾಕ್ಷಿಗೆ ಕರಿಲಿಕ್ಕೂ ಇಲ್ಲ. ದಾರಿಯಂತೆ ದಾರಿ, ಬೇಲಿಯಲ್ಲಿ ತೂತು ಅದು. ಅದೆಲ್ಲ ನಡೆದ ಅಮೆರಿಕದ ಆ ನ್ಯಾಷನಲ್ ಪಾರ್ಕ್ ಪೂರ್ತಿ ವಯೋಮಿಂಗ್ ರಾಜ್ಯದ ಕೋರ್ಟಿಗೆ ಸೇರಿದ್ದು, ಆದರೆ ಅದರದೊಂದು ಅಂಚು ಪಕ್ಕದ ಐಡಹೊ ರಾಜ್ಯದೊಳಗೆ ಚಾಚಿಕೊಂಡಿದೆ, ಅಪರಾಧ ಆ ಅಂಚಿನಲ್ಲಿ ನಡೆದರೆ, ನಡೆದದ್ದೂ ಅಲ್ಲೇ, ತೀರ್ಪು ಹೇಳುವ ಜ್ಯೂರಿಯ ಹನ್ನೆರಡೂ ಜನ ಐಡಹೊದವರೂ ಆಗಿರಬೇಕು, ಆ ಕೋರ್ಟಿನ ವ್ಯಾಪ್ತಿಯವರೂ ಆಗಿರಬೇಕು, ಅಂದರೆ ಆ ಅಂಚಿನಲ್ಲೇ ಮನೆ ಮಾಡಿಕೊಂಡವರಾಗಿರಬೇಕು, ಅಲ್ಲಿ ಮನೆ ಮಾಡಿಕೊಂಡಿರುವುದು ಕರಡಿಗಳು ಮಾತ್ರ, ಮನುಷ್ಯ ಜಾತಿಯವರು ಒಬ್ಬರೂ ಇಲ್ಲ. ಜ್ಯೂರಿ ಇಲ್ಲವೆಂದರೆ ವಿಚಾರಣೆ ಇಲ್ಲ, ಜಡ್ಜು ಒಪ್ಪಿದರೆ ಅವಿನ್ ಬಚಾವು. ಉಡುಪಿಯಲ್ಲಿ ಪಕ್ಕದ ಮನೆಯ ತೆಂಗಿನ ಮರ ಒಂದು ಮೊಳ ಈಚೆ ಬಾಗಿದ್ದಕ್ಕೆ ಕರೆಯದೆಯೇ ಇಪ್ಪತ್ತು ಜನ ಅಂಗಳದಲ್ಲಿ ಸೇರಿ ತೀರ್ಪು ಹೇಳಿದ್ದರು, ಕಾಫಿ ಬೇರೆ ಕುಡಿದು ಹೋಗಿದ್ದರು, ಅಮೆರಿಕದಲ್ಲಿ ಒಂದು ಜೀವ ಹೋದದ್ದಕ್ಕೆ ಹನ್ನೆರಡು ಜನ ಸಿಗುವುದಿಲ್ಲವಂತೆ. ಕೇಳಿದಾಗ ಅವಳಿಗೆ ಮೊದಲು ನಗು ಬಂತು, ಆಮೇಲೆ ಸಮಾಧಾನ, ಆ ಸಮಾಧಾನಕ್ಕೇ ಈಗ ನಾಚಿಕೆಯಾಗುತ್ತಿದೆ.

ಯಾಕೆಂದರೆ ಅವಳು ನೋಡಿದ್ದಾಳೆ. ಹೋದ ಸೆಪ್ಟೆಂಬರಿನಲ್ಲಿ ಆ ಪಾರ್ಕಿಗೆ ನಾಲ್ವರೂ ಒಟ್ಟಿಗೆ ಹೋದದ್ದು, ಅವಳು, ಅವಿನ್, ಈಗ ಗ್ರೋನಿಂಗನ್‌ನಲ್ಲಿ ಕಾಯುತ್ತಿರುವ ಗೆಳತಿ ಮೈಥಿಲಿ, ಮೈಥಿಲಿಯ ಗಂಡ ಮೋಹಿತ್ — ಮೈಥಿಲಿಯ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಅವಳು ಟೆಂಟಿನಲ್ಲೇ ಉಳಿದಳು, ನೀವು ಹೋಗ್ಬನ್ನಿ, ಫೋಟೋ ತೆಗೀರಿ ಅಂದಳು, ಪಾಪ, ನಗುತ್ತಲೇ ಅಂದಳು — ಗಂಡಸರಿಬ್ಬರೂ ಜಲಪಾತದ ಅಂಚಿನ ದಾರಿಯಲ್ಲಿ ಮುಂದೆ, ಅಶ್ವಿತಾ ಮೂವತ್ತು ಹೆಜ್ಜೆ ಹಿಂದೆ, ಮಳೆ ಬರುತ್ತೆ ವಾಪಸ್ ಹೋಗುವ ಎಂದು ಅವಿನ್, ಇನ್ನೊಂಚೂರು ಹೋಗೋಣ ಎಂದು ಮೋಹಿತ್, ಕೆಲಸ ಹೋದಮೇಲೆ ಎಂಟು ತಿಂಗಳಿಂದ ಅಕ್ಕನ ಮನೇಲಿದ್ದೀಯಲ್ಲ, ಹೋಗು, ಅವಳ ಸೆರಗು ಹಿಡ್ಕೊಂಡೇ ವಾಪಸ್ ಹೋಗು, ತಮಾಷೆಗೇ ಅಂದ, ಮೋಹಿತ್‌ನ ಬಾಯಿಯೇ ಹಾಗೆ, ಅವಿನ್‌ಗೋ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ, ಆಮೇಲೆ ಕೈ — ಬೇಡ. ರೇಂಜರ್ ಕೇಳಿದಾಗ ಷೂ ಲೇಸ್ ಕಟ್ಟುತ್ತಿದ್ದೆ, ತಲೆ ಎತ್ತುವಾಗ ಮೋಹಿತ್ ಇರಲಿಲ್ಲ ಎಂದಳು, ಪೊಲೀಸರಿಗೂ ಅದನ್ನೇ ಅಂದಳು, ಅವಿನ್ ಮಾತ್ರ ಗಾಬರಿಯಲ್ಲಿ ಜಗಳ ಆಗಿತ್ತು ಎಂದು ಬಾಯಿಬಿಟ್ಟು ಸಿಕ್ಕಿಹಾಕಿಕೊಂಡ. ಈಗ ಫೋನು ಗಡಗಡ ನಡುಗುತ್ತಿದೆ, ಅಮ್ಮ, ಎದುರಿನ ಡಚ್ ಅಜ್ಜಿ ತುಟಿಯ ಮೇಲೆ ಬೆರಳಿಟ್ಟು ದುರುಗುಟ್ಟುತ್ತಾಳೆ, ಸಾರಿ ಸಾರಿ ಎನ್ನುತ್ತ ಬಾಗಿಲ ಬಳಿ ಓಡಿ ಕಿವಿಗಿಟ್ಟರೆ ಉಡುಪಿಯಿಂದ ಪ್ರೇಮಾವತಿಯ ದನಿ, ದೇವರು ದೊಡ್ಡವ ಮಗಾ, ತೂತೋ ಗೀತೋ, ಹುಡುಗ ಮನೆಗೆ ಬಂದ್ರೆ ಸಾಕು, ನೀನು ಆ ಮೈಥಿಲಿ ಹತ್ರ ಎಂತ ಸಾ ಹೇಳ್ಲಿಕ್ಕೆ ಹೋಗ್ಬೇಡ, ಹೇಳಿದ್ರೆ ಅವಳ ಗಂಡ ವಾಪಸ್ ಬರ್ತಾನಾ? ಬರುವುದಿಲ್ಲ ಅಮ್ಮ. ಆದರೆ ಹೇಳಿದರೆ ಮೈಥಿಲಿ ಸುಮ್ಮನೆ ಕೂರುವವಳಲ್ಲ, ಅಲ್ಲಿನ ಸರ್ಕಾರಿ ವಕೀಲರಿಗೆ ತಿಳಿಸುತ್ತಾಳೆ, ಜಡ್ಜು ಆ ತೂತನ್ನು ಒಪ್ಪದೇ ಹೋದರೆ ಅಕ್ಕನ ಮಾತೇ ತಮ್ಮನ ಕೊರಳಿಗೆ ಉರುಳು, ಹೇಳದಿದ್ದರೆ ಮೈಥಿಲಿ ಬದುಕಿಡೀ ನನ್ನ ಗಂಡ ಹೇಗೆ ಸತ್ತ ಎಂದು ಕೇಳಿಕೊಳ್ಳುತ್ತಲೇ ಇರಬೇಕು, ಬಾಯಲ್ಲಿ ಬಿಸಿ ತುಪ್ಪ ಎಂದರೆ ಇದೇ. ಒಂದನೇ ಕ್ಲಾಸಿನಲ್ಲಿ ಅವಿನ್ ಸ್ಲೇಟು ಒಡೆದಾಗ ನಾನೇ ಒಡೆದದ್ದು ಎಂದು ಅವಳೇ ಏಟು ತಿಂದಿದ್ದಳು, ಅವತ್ತು ಸುಳ್ಳು ಎಷ್ಟು ಸುಲಭವಾಗಿತ್ತು, ಏಟು ಅವಳೊಬ್ಬಳಿಗೇ ಬಿದ್ದಿತ್ತು. ಆಯ್ತಮ್ಮ, ಇಡ್ತೇನೆ, ಸ್ಟೇಷನ್ ಬಂತು.

ಗ್ರೋನಿಂಗನ್ ಬಂದೇಬಿಟ್ಟಿತು, ಇಳಿಯುವವರೆಲ್ಲ ಇಳಿದರು, ಇಳಿಯದೆ ಇದೇ ರೈಲಿನಲ್ಲಿ ವಾಪಸ್ ಹೋದರೆ ಯಾರು ಏನು ಮಾಡುತ್ತಾರೆ, ಯಾರೂ ಏನೂ ಮಾಡುವುದಿಲ್ಲ, ಅದೇ ಅಲ್ಲವೇ ಈಗ ಆಗುತ್ತಿರುವುದು — ಇಳಿದಳು, ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು, ಮೈಥಿಲಿ ಪ್ಲಾಟ್‌ಫಾರ್ಮಿಗೇ ಬಂದಿದ್ದಾಳೆ, ಎಷ್ಟು ಸಣ್ಣಗಾಗಿದ್ದಾಳೆ, ಅಯ್ಯೋ, ಮೋಹಿತ್‌ನ ಜಾಕೆಟ್ಟನ್ನೇ ಹಾಕಿಕೊಂಡಿದ್ದಾಳೆ, ತೋಳು ಎರಡು ಮಡಿಕೆ ಮಡಚಿ. ಅಪ್ಪಿಕೊಳ್ಳಲಿಲ್ಲ, ಟೀ ಕುಡೀತೀಯಾ ಎಂದೂ ಕೇಳಲಿಲ್ಲ, ಸರ್ಕಾರಿ ವಕೀಲರ ಮೇಲ್ ಬಂತು ಕಣೆ, ಹನ್ನೆರಡು ಜನ ಸಿಗಲ್ವಂತೆ, ನಂಗೆ ಹನ್ನೆರಡು ಜನ ಬೇಡ, ನೀನೊಬ್ಳು ಸಾಕು, ಮೋಹಿತ್ ಜಾರಿದ್ನಾ, ಅವಿನ್ ತಳ್ಳಿದ್ನಾ, ಅಷ್ಟು ಹೇಳು. ಜನ ಸೂಟ್‌ಕೇಸು ಎಳೆದುಕೊಂಡು ಇಬ್ಬರನ್ನೂ ಬಳಸಿ ಹೋಗುತ್ತಿದ್ದಾರೆ, ಮೈಥಿಲಿ ಕಣ್ಣು ಮಿಟುಕಿಸುತ್ತಿಲ್ಲ, ಅಳುತ್ತಲೂ ಇಲ್ಲ, ಅತ್ತಿದ್ದರೆ ತಬ್ಬಿಕೊಂಡು ತಪ್ಪಿಸಿಕೊಳ್ಳಬಹುದಿತ್ತು, ಅಮ್ಮ, ನಾನು ಎಂತ ಮಾಡುದು, ಅವಿನ್, ಕ್ಷಮಿಸು ಪುಟ್ಟಾ — ನೋಡಿದೆ ಮೈಥಿಲಿ, ನಾನು ನೋಡಿದೆ, ಎಂದದ್ದು ತನ್ನದೇ ದನಿ, ಮುಂದಿನ ಮಾತು ಬರುತ್ತಿಲ್ಲ, ಬರುತ್ತಿರುವುದು ಕೈ, ಅವಿನ್‌ನ ಎರಡು ಕೈ, ಅಂಗೈ ಬಿಚ್ಚಿ ಮೋಹಿತ್‌ನ ಎದೆಯ ಮೇಲೆ, ಮುಂದಕ್ಕೆ, ಮರುಗಳಿಗೆಯಲ್ಲೇ ಹಿಡಿಯಲು ಚಾಚಿದ್ದೂ ಅವೇ ಕೈ, ಖಾಲಿ ಗಾಳಿಯಲ್ಲಿ ಎರಡು ಕೈ, ಎರಡು ಕೈ