ಸಿಡ್ನಿಯಿಂದ ಬಂದ ಫೋನು

“ಡಬ್ಬಿಯೊಳಗೆ ಚಾರ್ಜರೇ ಇಟ್ಟಿಲ್ಲ ಅಂದ್ರೆ ಅವರದ್ದೇನೋ ಹುನ್ನಾರ ಇದ್ದೇ ಇರುತ್ತೆ. ಸುಮ್‌ಸುಮ್ನೆ ಯಾರಾದ್ರೂ ಅರ್ಧ ಸಾಮಾನು ಕೊಡ್ತಾರಾ?” ಎಂದಳು ಲೂಪೆ ಅಜ್ಜಿ. ಹಲ್ಲಿನ ನಡುವೆ ಕೇದಿಗೆ ಗರಿ ಕಚ್ಚಿಕೊಂಡೇ ಇಷ್ಟು ಸ್ಪಷ್ಟವಾಗಿ ಮಾತಾಡಬಲ್ಲವರು ಇಡೀ ವವಾವು ದ್ವೀಪದಲ್ಲಿ ಇನ್ನೊಬ್ಬರಿಲ್ಲ.

“ಅಜ್ಜಿ, ಚಾರ್ಜರ್ ಮಾತು ಬಿಡಿ. ಇಲ್ಲಿ ನನ್ನ ಸಂಸಾರವೇ ಹೋಗ್ತಾ ಇದೆ,” ಎಂದಳು ಸೇನಿಮಿಲಿ.

“ಹೋಗೋದಿದ್ರೆ ಅದೂ ಆ ಡಬ್ಬಿಯಿಂದಲೇ ಹೋಗುತ್ತೆ. ಅದಕ್ಕೇ ಹೇಳಿದ್ದು.”

ಅಂದು ಬೆಳಿಗ್ಗೆ ಹೆಣೆಯುವ ಮನೆಯಲ್ಲಿ ನಾವು ಮೂವರೇ. ಉಳಿದ ಹೆಂಗಸರೆಲ್ಲ ಪಕ್ಕದ ಹಳ್ಳಿಯ ಸಾವಿಗೆ ಹೋಗಿದ್ದರು. ಅರ್ಧ ಹೆಣೆದ ಚಾಪೆಯ ಮೇಲೆ, ನಮ್ಮ ಮೂವರ ಮಂಡಿಗಳ ನಡುವೆ, ಆ ಹೊಸ ಫೋನು ಬಿದ್ದಿತ್ತು. ಕಪ್ಪಗೆ, ತೆಳ್ಳಗೆ, ಮೈಮೇಲೆ ಒಂದು ಗೀರೂ ಇಲ್ಲದೆ. ನಮ್ಮೂರಲ್ಲಿ ಗೀರಿಲ್ಲದ ಫೋನು ಕಂಡರೆ ಜನ ಒಂದು ಹೆಜ್ಜೆ ಹಿಂದೆ ಸರಿದೇ ನೋಡುವುದು.

ಅದನ್ನು ಕಳಿಸಿದವಳು ಸೇನಿಮಿಲಿಯ ಗಂಡನ ಅಕ್ಕ ಮೇಲೆನೈತೆ. ಮೇಲೆನೈತೆಯ ಗಂಡ ತೀರಿಹೋಗಿ ಆರು ವರ್ಷವಾಯಿತು. ಸಿಡ್ನಿಯ ಒಂದು ವೃದ್ಧಾಶ್ರಮದಲ್ಲಿ ಮುದುಕಿಯರ ಮೈ ತೊಳೆದು, ಊಟ ಮಾಡಿಸಿ, ಊರಿಗೆ ಹಣ ಕಳಿಸುತ್ತಾ ಒಂಟಿಯಾಗಿದ್ದಾಳೆ. ತನ್ನ ತಮ್ಮ ಲಿಸಿಯಾಟೆ ರಬ್ಬರ್ ಬ್ಯಾಂಡ್ ಸುತ್ತಿದ ಫೋನಿನಲ್ಲಿ ಮಾತಾಡುವುದನ್ನು ಕೇಳಿ ಬೇಸತ್ತು, ಹೊಸದೊಂದನ್ನು ಕೊಂಡು, ಅಂಗಡಿಯಲ್ಲೇ ಎಲ್ಲ ಸರಿಮಾಡಿಸಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ಲಿಸಿಯಾಟೆ ಮೊದಲ ದಿನ ಅದನ್ನು ಹಿಡಿದು ಊರೆಲ್ಲ ಸುತ್ತಿದ. ಎರಡನೆಯ ದಿನ ಹಂದಿಗಳ ಫೋಟೋ ತೆಗೆದು, ಅವುಗಳ ರೆಪ್ಪೆಗೂದಲು ಕಾಣುತ್ತದೆಂದು ನನಗೂ ತೋರಿಸಿದ. ಮೂರನೆಯ ದಿನ ಸಿಮ್ಮು ಕಿತ್ತು ಹಳೆಯ ಫೋನಿಗೆ ಹಾಕಿಕೊಂಡ. ಹೊಸದನ್ನು ಒಂದು ಲುಂಗಿಯಲ್ಲಿ ಸುತ್ತಿ ಬೀರುವಿನ ಮೇಲೆ ಎಸೆದ.

“ನೀವೇ ಹೇಳಿ ವೈಮೋವಾನಾ ಅಕ್ಕ,” ಎಂದಳು ಸೇನಿಮಿಲಿ ನನ್ನ ಕಡೆ ತಿರುಗಿ. “ಹೊಸ ಫೋನ್ ಬಿಟ್ಟು ಯಾವ ಗಂಡ್ಸು ಹಳೇದಕ್ಕೆ ವಾಪಸ್ ಹೋಗ್ತಾನೆ? ಇಳಿಸಿ ನೋಡಿದೆ. ನಾಲ್ಕೈದು ಮೆಸೇಜ್ ಓದೋಷ್ಟರಲ್ಲಿ ಕಣ್ಣು ಕತ್ತಲೆ ಬಂತು.”

“ಏನಿತ್ತು?”

“‘ನಿನ್ನ ದನಿ ಕೇಳದೆ ಎರಡು ದಿನ ಆಯ್ತು.’ ಇದು ಆ ಕಡೆಯಿಂದ. ‘ನನಗೂ ನಿದ್ದೆ ಇಲ್ಲ.’ ಇದು ಇವನದ್ದು! ಆಮೇಲೆ ಆ ಕಡೆಯಿಂದ, ‘ಮನೆಯವರಿಗೆ ಯಾವಾಗ ಹೇಳ್ತೀಯ?’ ಮನೆಯವರು ಅಂದ್ರೆ ಯಾರು? ನಾನು ತಾನೇ?”

“ಹೆಸರೇನು ಆ ಕಡೆಯವಳದ್ದು?”

“ಹೆಸರಿಲ್ಲ. ಒಂದು ಹೂವಿನ ಚಿತ್ರ. ಆಸ್ಟ್ರೇಲಿಯಾ ನಂಬರು.”

“ಹೂವಿನ ಚಿತ್ರ ಅಂದ್ಮೇಲೆ ಮುಗೀತು,” ಎಂದಳು ಲೂಪೆ ಅಜ್ಜಿ. “ಒಳ್ಳೆ ಹೆಂಗಸಾಗಿದ್ರೆ ಮುಖ ಹಾಕ್ತಿದ್ಲು.”

“ಲಿಸಿಯಾಟೆ ಏನಂತಾನೆ?”

“‘ನಂದಲ್ಲ’ ಅಂತಾನೆ. ಅಷ್ಟೇ. ‘ನಿಂದಲ್ಲ ಅಂದ್ರೆ ಯಾರದು’ ಅಂದೆ. ಮುಖ ಕೆಂಪಗೆ ಮಾಡ್ಕೊಂಡು ಎದ್ದು ಹೋದ. ನಾಲ್ಕು ದಿನದಿಂದ ಕೇಳ್ತಿದ್ದೀನಿ ಅಕ್ಕ, ಅತ್ತೂ ಕೇಳ್ದೆ, ಬೈದೂ ಕೇಳ್ದೆ. ತೋಟಕ್ಕೆ ಹೋಗ್ತಾನೆ, ಬರ್ತಾನೆ, ತಟ್ಟೆ ನೋಡ್ಕೊಂಡು ಉಣ್ತಾನೆ. ನಾಳೆ ಶುಕ್ರವಾರದ ಹಡಗಿಗೆ ಮಕ್ಕಳನ್ನ ಕರ್ಕೊಂಡು ಹಾಪಾಯ್‌ಗೆ, ಅಮ್ಮನ ಮನೆಗೆ ಹೋಗ್ತೀನಿ. ಟಿಕೆಟ್ ತಗೊಂಡಾಗಿದೆ.”

ಟಿಕೆಟ್ ತೆಗೆದದ್ದು ನನಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಗರಿ ಅಲ್ಲೇ ನಿಂತಿತು. ಸೇನಿಮಿಲಿ ಕೋಪದಲ್ಲಿ ಹತ್ತು ಮಾತಾಡುವವಳೇ, ಆದರೆ ಒಂದು ಸಲ ಕಾಲು ಹೊರಗಿಟ್ಟರೆ ಕರೆತರುವುದು ಸುಲಭವಲ್ಲ. ಲಿಸಿಯಾಟೆಯಂತೂ ಕರೆಯಲು ಹೋಗುವವನೇ ಅಲ್ಲ. ಮಾತು ಅವನಿಗೆ ಯಾವತ್ತೂ ಕಷ್ಟ. ಒಂಬತ್ತು ವರ್ಷದ ಸಂಸಾರ ನಾಳೆ ಮಧ್ಯಾಹ್ನ ಹಡಗು ಹತ್ತಿಬಿಡುತ್ತದೆ.

“ಸ್ವಲ್ಪ ತಾಳು,” ಎಂದೆ. “ಫೋನಿಗೆ ಬೀಗ ಹಾಕಿದ್ನಾ?”

“ಇಲ್ಲ. ಯಾರು ಬೆರಳಿಟ್ರೂ ತೆರ್ಕೊಳ್ಳುತ್ತೆ.”

“ಕಳ್ಳತನ ಮಾಡೋನು ಬಾಗಿಲು ತೆಗೆದಿಟ್ಟು ಹೋಗ್ತಾನಾ?”

“ಬೀಗ ಹಾಕೋಕೆ ಬರಬೇಕಲ್ಲ ಅವನಿಗೆ!”

ಲೂಪೆ ಅಜ್ಜಿ ಕಿಸಕ್ಕನೆ ನಕ್ಕಳು. ಆ ನಗು ಮುಗಿಯುವ ಮೊದಲೇ ಫೋನು ಟಿಣ್ ಎಂದಿತು.

ಮೂವರೂ ಮಂಡಿ ಹಿಂದಕ್ಕೆಳೆದುಕೊಂಡೆವು.

“ಸಿಮ್ಮು ತೆಗೆದಿದ್ದಾನೆ ಅಂದ್ಯಲ್ಲೇ!” ಎಂದಳು ಅಜ್ಜಿ.

“ತೆಗೆದಿದ್ದಾನೆ. ಹಳೇ ಫೋನಲ್ಲಿದೆ, ಅವನ ಜೇಬಲ್ಲಿ.”

“ಹಾಗಾದ್ರೆ ಇದು ಯಾವುದರಿಂದ ಕೂಗ್ತು?”

ಚರ್ಚಿನ ವೈಫೈ ನಮ್ಮ ಹೆಣೆಯುವ ಮನೆಯ ಗೋಡೆ ದಾಟಿ ಒಳಗೆ ಬರುತ್ತದೆಂದು ನನಗೆ ಗೊತ್ತಿತ್ತು. ಹೇಳಿದೆ. ಅಜ್ಜಿಗೆ ಅದು ಸಮಾಧಾನ ತರಲಿಲ್ಲ. ಪಾದ್ರಿಗಳ ಮನೆಯಿಂದಲೇ ಇಂಥದ್ದು ಬರುತ್ತಿದೆಯಲ್ಲ ಎಂದು ಇನ್ನೂ ಹೆಚ್ಚು ಗಾಬರಿಯಾದಳು. ಸೇನಿಮಿಲಿ ಮಾತ್ರ ಬಗ್ಗಿ ಫೋನಿನ ಮುಖವನ್ನೇ ನೋಡುತ್ತಿದ್ದಳು.

“ಅವಳೇ. ‘ಬೆಳಗಾಯ್ತಾ? ಇವತ್ತು ಸಿಗ್ತೀಯಾ?’ ಅಂತೆ. ನೋಡಿ ಅಕ್ಕ, ಎಷ್ಟು ಧೈರ್ಯ!”

ಆಕೆ ಹೇಳುತ್ತಿದ್ದಂತೆಯೇ ಆ ಸಾಲಿನ ಕೆಳಗೆ, ಎದುರು ಪಕ್ಕದಲ್ಲಿ, ಇನ್ನೊಂದು ಸಾಲು ಬಂದು ಕೂತಿತು. ಉತ್ತರ. ನಮ್ಮ ಕಡೆಯ ಉತ್ತರ. ಅಜ್ಜಿಯ ಕೈ ಗರಿಯ ಮೇಲಿತ್ತು, ನನ್ನ ಕೈ ಚಾಕುವಿನ ಮೇಲಿತ್ತು, ಸೇನಿಮಿಲಿಯ ಎರಡೂ ಕೈ ಬಾಯಿಯ ಮೇಲಿದ್ದವು.

“ಯಾರು ಬರೆದ್ರು?” ಎಂದಳು ಅವಳು ಬೆರಳುಗಳ ಸಂದಿಯಿಂದ.

“ನಾನಂತೂ ಮುಟ್ಟಿಲ್ಲ,” ಎಂದಳು ಅಜ್ಜಿ.

“ಲಿಸಿಯಾಟೆ ತೋಟದಲ್ಲಿ ಮರಗೆಣಸು ಕೀಳ್ತಿದ್ದಾನೆ. ಹೋಗುವಾಗ ನಾನೇ ನೋಡಿದೀನಿ,” ಎಂದೆ.

“ಇದು ತಾನೇ ಬರೀತಿದೆ!” ಲೂಪೆ ಅಜ್ಜಿ ತನ್ನ ಬುಟ್ಟಿಯನ್ನು ಬರಿದು ಮಾಡಿ ಫೋನಿನ ಮೇಲೆ ಕವುಚಿದಳು. “ನಾನು ಅವತ್ತೇ ಹೇಳ್ದೆ. ಚಾರ್ಜರ್ ಇಲ್ಲದ್ದು ಯಾಕೆ? ಅದಕ್ಕೆ ತಿನ್ನೋಕೆ ಬೇರೆ ಏನೋ ಬೇಕು!”

ಬುಟ್ಟಿಯೊಳಗಿಂದ ಮತ್ತೆ ಟಿಣ್ ಎಂದಿತು. ನಾನು ಬುಟ್ಟಿ ಎತ್ತಿದೆ. ಕನ್ನಡಕ ಹಾಕಿಕೊಂಡಿದ್ದವಳು ನಾನೊಬ್ಬಳೇ, ಹಾಗಾಗಿ ಗಟ್ಟಿಯಾಗಿ ಓದತೊಡಗಿದೆ.

“‘ಈಗಷ್ಟೇ ರಾತ್ರಿ ಪಾಳಿ ಮುಗೀತು. ಹತ್ತೊಂಬತ್ತನೇ ರೂಮಿನ ಅಜ್ಜಿ ಇವತ್ತೂ ಸ್ನಾನ ಬೇಡ ಅಂತ ನನ್ನ ಕೈ ಕಚ್ಚಿದಳು. ಸಂಜೆ…’”

ಸಂಜೆಯ ನಂತರದ್ದನ್ನು ಓದಲಿಲ್ಲ. ಫೋನನ್ನು ಮಗುಚಿ ಹಾಕಿ, ಮೇಲೆ ಬುಟ್ಟಿ ಇಟ್ಟು, ಬುಟ್ಟಿಯ ಮೇಲೆ ಕೈಯನ್ನೂ ಇಟ್ಟೆ.

ಸಿಡ್ನಿಯಲ್ಲಿ ರಾತ್ರಿ ಪಾಳಿಯಲ್ಲಿ ಅಜ್ಜಿಯರ ಮೈ ತೊಳೆಯುವ, ನಮಗೆಲ್ಲ ಗೊತ್ತಿರುವವಳು ಒಬ್ಬಳೇ. ಫೋನು ತಾನೇ ಬರೆಯುತ್ತಿರಲಿಲ್ಲ. ಅಂಗಡಿಯಲ್ಲಿ ಸರಿಮಾಡಿಸುವಾಗ ಮೇಲೆನೈತೆ ತಮ್ಮನ ಹೆಸರಿನ ಬದಲು ತನ್ನ ಹೆಸರನ್ನೇ, ತನ್ನ ಖಾತೆಯನ್ನೇ ಹಾಕಿಸಿಬಿಟ್ಟಿದ್ದಳು. ಅವಳ ಫೋನಿಗೆ ಬಂದದ್ದೆಲ್ಲ, ಅವಳು ಬರೆದದ್ದೆಲ್ಲ ಇಲ್ಲಿಗೂ ಬರುತ್ತಿತ್ತು. ತಮ್ಮನ ಕೈಗೆ.

ಲೂಪೆ ಅಜ್ಜಿ ಮೆಲ್ಲನೆ ಇನ್ನೊಂದು ಗರಿ ತೆಗೆದುಕೊಂಡಳು. “ನಾನು ಕಣ್ಣು ಕಾಣದ ಮುದುಕಿ,” ಎಂದಳು. “ಕಿವಿಯೂ ಅಷ್ಟಕ್ಕಷ್ಟೇ. ಇವತ್ತು ಇಲ್ಲಿ ಏನು ಓದಿದ್ರೋ ನಂಗೊಂದೂ ಕೇಳಿಸ್ಲಿಲ್ಲ.”

ಮೂರು ಹಳ್ಳಿಯ ಸುದ್ದಿಯನ್ನು ಊಟಕ್ಕೆ ಮುಂಚೆ ಹಂಚಿ ಮುಗಿಸುವ ಅಜ್ಜಿ ಅವಳು. ಆದರೂ ಆ ಮಾತನ್ನು ನಾನು ನಂಬಿದೆ.

ಸೇನಿಮಿಲಿಗೆ ಅಳು ಬಂತೋ ಕೋಪ ಬಂತೋ ಅವಳಿಗೇ ತಿಳಿಯಲಿಲ್ಲ. “ನಾಲ್ಕು ದಿನ ಅಕ್ಕ! ನಾಲ್ಕು ದಿನ ನನ್ನ ಕೈಲಿ ಬೈಸ್ಕೊಂಡ. ಕುಡುಕ ಅಂದೆ, ಹಾದರದೋನು ಅಂದೆ, ಅವರಮ್ಮನ ಫೋಟೋ ಮುಂದೆ ನಿಲ್ಲಿಸಿ ಆಣೆ ಮಾಡು ಅಂದೆ. ಒಂದೇ ಒಂದು ಮಾತು, ‘ಇದು ಅಕ್ಕಂದು’ ಅಂತ ಹೇಳಬಹುದಿತ್ತಲ್ಲ!”

“ಅವನ ಬಾಯಲ್ಲಿ ಬರುತ್ತಾ ಅದು?” ಎಂದೆ.

ಬರುವುದಿಲ್ಲ, ಅವಳಿಗೂ ಗೊತ್ತು. ನಮ್ಮಲ್ಲಿ ಅಕ್ಕನ ಪ್ರೀತಿ ಪ್ರೇಮದ ಮಾತು ತಮ್ಮನ ಕಿವಿಗೂ ಬೀಳಬಾರದು. ಮೇಲೆನೈತೆಯ ಮದುವೆ ಮಾತಾಡಲು ಹುಡುಗನ ಕಡೆಯವರು ಬಂದ ದಿನ ಹದಿನೇಳರ ಲಿಸಿಯಾಟೆ ದೀವಿಹಲಸಿನ ಮರ ಹತ್ತಿ ಕೂತವನು, ಅವರು ಕಾವಾ ಬೇರಿನ ರಸ ಕುಡಿದು ಎದ್ದು ಹೋಗುವವರೆಗೆ ಇಳಿದಿರಲಿಲ್ಲ. ಅಕ್ಕ ಕೂತ ಕೋಣೆಯಲ್ಲಿ ರೇಡಿಯೊ ಒಂದು ಪ್ರೇಮದ ಹಾಡು ಹಾಕಿದರೆ ಸಾಕು, ಹಂದಿಗೆ ನೀರಿಟ್ಟಿಲ್ಲವೆಂದು ಹೊರಗೆ ಓಡುತ್ತಿದ್ದ. ಅಂಥವನ ಅಂಗೈಯಲ್ಲಿ ಅಕ್ಕನಿಗೆ ಬಂದ ಪ್ರೀತಿಯ ಮಾತುಗಳು ಬಂದು ಕೂತರೆ ಏನು ಮಾಡಬೇಕು? ಸುತ್ತಿ ಬೀರುವಿನ ಮೇಲೆ ಎಸೆದ. ಹೆಂಡತಿ ಬೈದರೆ ಬೈಯಲಿ ಎಂದು ತಟ್ಟೆ ನೋಡಿಕೊಂಡು ಉಂಡ.

“ಈಗೇನು ಮಾಡ್ಲಿ?”

“ಮೇಲೆನೈತೆಗೆ ಫೋನ್ ಮಾಡು. ಇದರಿಂದಲ್ಲ ತಾಯಿ! ನನ್ನದರಿಂದ ಮಾಡು.”

ಮೇಲೆನೈತೆ ರೈಲಿನಲ್ಲಿದ್ದಳು, ಹಿಂದೆ ಗಾಡಿಯ ಸದ್ದು ಕೇಳುತ್ತಿತ್ತು. ಸೇನಿಮಿಲಿ ಸ್ಪೀಕರ್ ಹಾಕದೆ ಮಾತಾಡಿದಳು, ಆದರೆ ನನ್ನ ಹಳೆಯ ಫೋನು ಸ್ಪೀಕರ್ ಇಲ್ಲದೆಯೂ ಊರಿಗೆಲ್ಲ ಕೇಳಿಸುತ್ತದೆ.

“ಸೇನಿಮಿಲಿ, ಊಟ ಆಯ್ತಾ? ಮಕ್ಕಳು ಹ್ಯಾಗಿದ್ದಾರೆ? ಫೋನ್ ಇಷ್ಟ ಆಯ್ತಾ ಅವನಿಗೆ? ಅವನಂತೂ ಒಂದು ಮಾತೂ ಹೇಳ್ಲಿಲ್ಲ.”

“ಫೋನ್ ಚೆನ್ನಾಗಿದೆ. ಆದ್ರೆ… ಅದರಲ್ಲಿ ನಿಮ್ಮ ಖಾತೆ ಉಳಿದುಬಿಟ್ಟಿದೆ. ನಿಮಗೆ ಬರೋದೆಲ್ಲ ಇಲ್ಲಿಗೂ ಬರ್ತಾ ಇದೆ.”

ಆ ಕಡೆ ಒಂದು ನಿಲ್ದಾಣದ ಹೆಸರು ಕೂಗಿದರು. ಆಮೇಲೆ ಬಹಳ ಸಣ್ಣ ದನಿ ಬಂತು.

“ಅವನು ನೋಡಿದ್ನಾ?”

ಸೇನಿಮಿಲಿ ನನ್ನ ಮುಖ ನೋಡಿದಳು. ನಾಲ್ಕು ದಿನದಿಂದ ನಿಜ ಹೇಳು, ನಿಜ ಹೇಳು ಎಂದು ಗಂಡನ ಜೀವ ಹಿಂಡಿದವಳು.

“ಇಲ್ಲ,” ಎಂದಳು. “ಅವರಿಗೆ ಅದನ್ನ ತೆರೆಯೋಕೇ ಬರಲ್ಲ. ಹಂದಿ ಫೋಟೋ ತೆಗೆದು ಬೀರು ಮೇಲಿಟ್ರು. ಇವತ್ತು ನಾನು ಇಳಿಸಿದಾಗ್ಲೇ ಗೊತ್ತಾಗಿದ್ದು. ನಿಮ್ಮ ಹೆಸರು ಕಂಡ ತಕ್ಷಣ ಮುಚ್ಚಿಟ್ಟೆ.”

“ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ ಸೇನಿಮಿಲಿ,” ಎಂದಳು ಮೇಲೆನೈತೆ. ಮೂಗೊರೆಸಿಕೊಂಡದ್ದು ಕೇಳಿಸಿತು. “ಅವರು ಒಳ್ಳೆಯವರು,” ಎಂದಳು.

“ಯಾರು ಅಂತ ನಾನು ಕೇಳ್ಲಿಲ್ಲ.”

“ಗೊತ್ತು. ನಾನೇ ಹೇಳಿದೆ. ಕ್ರಿಸ್‌ಮಸ್‌ಗೆ ಬಂದಾಗ ದೊಡ್ಡಪ್ಪನ ಹತ್ರ ಮಾತಾಡ್ತಾರೆ. ಅಲ್ಲೀವರೆಗೆ…”

“ಅಲ್ಲೀವರೆಗೆ ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಈಗ ಇದನ್ನ ಹ್ಯಾಗೆ ಅಳಿಸೋದು ಹೇಳಿ.”

ಅವಳು ಅಲ್ಲಿಂದ ಒಂದೊಂದಾಗಿ ಹೇಳಿದಳು, ಇವಳು ಇಲ್ಲಿ ಒಂದೊಂದಾಗಿ ಒತ್ತಿದಳು. ಅರ್ಧ ಗಂಟೆಯಲ್ಲಿ ಫೋನು ಎಲ್ಲವನ್ನೂ ಮರೆತಿತು. ಹಂದಿಯ ರೆಪ್ಪೆಗೂದಲೂ ಹೋಯಿತು. ಬೆಳ್ಳಗಿನ ಪರದೆಯ ಮೇಲೆ ನಮಸ್ಕಾರ ಎಂಬ ಒಂದೇ ಮಾತು ಉಳಿದು, ಬೇರೆ ಬೇರೆ ದೇಶದ ಭಾಷೆಗೆ ಬದಲಾಗುತ್ತಾ ಹೋಯಿತು.

“ನೋಡು, ಈಗ ಹೊಸದಾಗಿ ಪರಿಚಯ ಮಾಡ್ಕೊಳ್ಳೋ ನಾಟಕ,” ಎಂದಳು ಲೂಪೆ ಅಜ್ಜಿ. “ನಂಬಬೇಡ.”

ಮಧ್ಯಾಹ್ನಕ್ಕೆ ಲಿಸಿಯಾಟೆ ತೋಟದಿಂದ ಇಳಿದು ಬಂದ. ಹೆಗಲ ಮೇಲಿನ ಕೋಲಿನ ಎರಡು ತುದಿಗೂ ಮರಗೆಣಸಿನ ಬುಟ್ಟಿಗಳು. ದಾರಿಯಿಂದಲೇ ನಮ್ಮ ಬಾಗಿಲ ಕಡೆ ನೋಡಿದವನು, ಹೆಂಡತಿಯ ಕೈಯಲ್ಲಿ ಫೋನು ಕಂಡು ಅಲ್ಲೇ ನಿಂತ. ಮರ ಹತ್ತಲು ಹತ್ತಿರ ಯಾವ ಮರವೂ ಇರಲಿಲ್ಲ.

“ಬನ್ನಿ ಇಲ್ಲಿ,” ಎಂದಳು ಸೇನಿಮಿಲಿ.

ಅವನು ಬುಟ್ಟಿ ಇಳಿಸಿ ಬಾಗಿಲ ಬಳಿ ಬಂದು ಕುಕ್ಕರಗಾಲಲ್ಲಿ ಕೂತ. ಕಣ್ಣು ನೆಲದ ಮೇಲೆ.

“ಅಂಗಡಿಯವರು ತಪ್ಪು ಮಾಡಿದ್ರಂತೆ,” ಎಂದಳು. “ಯಾರದೋ ಗೊತ್ತಿಲ್ಲದವರ ಖಾತೆ ಇದರಲ್ಲಿ ಸೇರ್ಕೊಂಡಿತ್ತಂತೆ. ಎಲ್ಲ ಅಳಿಸಿದೆ. ಈಗ ಬರೀ ಖಾಲಿ.”

“ಗೊತ್ತಿಲ್ಲದವರದ್ದಾ?”

“ಹೂಂ. ಯಾರೋ ಏನೋ.”

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ನಾನು ಗರಿ ಸೀಳುವುದರಲ್ಲಿ ಮುಳುಗಿದವಳಂತೆ ತಲೆ ತಗ್ಗಿಸಿದೆ. ಲೂಪೆ ಅಜ್ಜಿ ಕಿವುಡಿಯಾಗಿ ಮೂರು ಗಂಟೆಯಾಗಿತ್ತು.

“ನೀನು ಓದಿದ್ಯಾ?” ಎಂದ.

“ಇಲ್ಲಪ್ಪ. ನೀವು?”

“ಇಲ್ಲ.”

“ನಾಳೆ ನಾನು ಹಾಪಾಯ್‌ಗೆ ಹೋಗ್ತಿಲ್ಲ,” ಎಂದಳು ಅವಳು. “ತಗೊಳ್ಳಿ, ಇದು ಈಗ ನಿಮ್ಮ ಮುಖ ಕೇಳ್ತಾ ಇದೆ. ಎದುರಿಗೆ ಹಿಡೀಬೇಕಂತೆ, ಆಮೇಲೆ ನಿಮಗೆ ಮಾತ್ರ ತೆರ್ಕೊಳ್ಳುತ್ತಂತೆ.”

ಲಿಸಿಯಾಟೆ ಫೋನು ತೆಗೆದುಕೊಳ್ಳಲಿಲ್ಲ. ಮಣ್ಣಾದ ಬೆರಳುಗಳನ್ನು ಲುಂಗಿಗೆ ಒರೆಸಿ, ಹೆಂಡತಿಯ ಕೈಯನ್ನು ಮಣಿಕಟ್ಟಿನ ಬಳಿ ಹಿಡಿದು, ಫೋನನ್ನು ಅವಳ ಕಡೆಗೇ ತಿರುಗಿಸಿದ.

“ನಿನ್ನ ಮುಖ ಕೊಡು ಅದಕ್ಕೆ. ನಂಗೆ ಬೇಕಾದಾಗ ನಿನ್ನ ಹತ್ರ ತರ್ತೀನಿ.”

“ದಿನಕ್ಕೆ ಐವತ್ತು ಸಲ ತರ್ತೀರಾ?”

“ತರ್ತೀನಿ.”

ಸೇನಿಮಿಲಿ ಕೆದರಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಫೋನು ಹೇಳಿದಂತೆ ಮೊದಲು ಎಡಕ್ಕೆ, ಆಮೇಲೆ ಮೇಲಕ್ಕೆ, ಆಮೇಲೆ ಬಲಕ್ಕೆ ನಿಧಾನವಾಗಿ ಮುಖ ತಿರುಗಿಸಿದಳು. ಲಿಸಿಯಾಟೆ ಅದನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡಿದ್ದ.