ಕ್ಯಾಮೆರಾ ಅಕ್ಕನ ನಡಿಗೆ

ಅವರು ನಡೆಯುವುದನ್ನು ಮೊದಲ ಸಲ ಕಂಡವರಿಗೆ, ತಲೆಯ ಮೇಲೆ ಕಣ್ಣಿಗೆ ಕಾಣದ ತುಂಬಿದ ಕೊಡವೊಂದನ್ನು ಹೊತ್ತಿದ್ದಾರೇನೋ ಎನ್ನಿಸುತ್ತಿತ್ತು. ಮೊಣಕಾಲು ತುಸುವೇ ಬಾಗಿ, ಮೊಣಕೈಗಳು ಪಕ್ಕೆಗೆ ಅಂಟಿ, ಹಿಮ್ಮಡಿ ಮೊದಲು ನೆಲ ಮುಟ್ಟಿ ಅಲ್ಲಿಂದ ಬೆರಳ ತುದಿಯವರೆಗೆ ಪಾದವೆಲ್ಲ ಮೆಲ್ಲಗೆ ಉರುಳಿ, ಸೊಂಟದ ಮೇಲಿನ ದೇಹ ನಿಶ್ಚಲ ಜಲದ ಮೇಲೆ ದೋಣಿ ಸರಿದಂತೆ ಸರಿಯುತ್ತಿತ್ತು. ತರಕಾರಿ ತರಲು ಹೊರಟಾಗಲೂ ಅದೇ ನಡಿಗೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಮಗನನ್ನು ಮರೆಗೆ ಕರೆದು, "ಹುಡುಗಿಗೆ ಸೊಂಟ ಹಿಡಿದಿದೆ ಕಣೋ, ಡಾಕ್ಟರಿಗೆ ತೋರಿಸು" ಎಂದಿದ್ದರಂತೆ.

ಡಾಕ್ಟರ ಬಳಿಗೆ ಅವರು ದಿನವೂ ಹೋಗುತ್ತಿದ್ದರು, ಕೆಲಸಕ್ಕೆ. ಪೆಟ್ಟು ತಿಂದವರು, ಪಾರ್ಶ್ವವಾಯು ಬಡಿದವರು ಮತ್ತೆ ನಡೆಯಲು ಕಲಿಯುವ ಆಸ್ಪತ್ರೆಯಲ್ಲಿ ರೋಗಿಗಳ ನಡಿಗೆಯನ್ನು ವಿಡಿಯೊ ಮಾಡುವುದು ಅವರ ವೃತ್ತಿ. ಅಲ್ಲಿ ಎಲ್ಲರಿಗೂ ಅವರು ಕ್ಯಾಮೆರಾ ಅಕ್ಕ. ಉದ್ದನೆಯ ಕಾರಿಡಾರಿನಲ್ಲಿ ರೋಗಿಯ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ಪಕ್ಕದಲ್ಲೇ ಸಾಗಬೇಕು. ಚಿತ್ರ ಅಲುಗಿತೋ, ನಡುಗಿದ್ದು ಕಾಲೋ ಕ್ಯಾಮೆರಾವೋ ಎಂದು ಡಾಕ್ಟರಿಗೆ ತಿಳಿಯದು.

ಕ್ಯಾಮೆರಾದ ಈ ನಡುಕ ಹುಟ್ಟುವುದಾದರೂ ಎಲ್ಲಿಂದ ಎಂಬ ಕುತೂಹಲ ಅವರಿಗೆ ಗೀಳಿನಂತೆ ಅಂಟಿಕೊಂಡಿತ್ತು. ಹಿಮ್ಮಡಿಯಿಂದ ಬರುವುದು, ಹಿಡಿತ ಬಿಗಿಯಾದಷ್ಟೂ ಹೆಚ್ಚುವುದು, ಬೆಳಗಿನ ಕಾಫಿಯಿಂದ ಬರುವುದು, ಕಡೆಗೆ ಸ್ವಂತ ಎದೆಬಡಿತದಿಂದಲೂ ಬರುವುದು, ಎಲ್ಲವನ್ನೂ ಹುಡುಕಿ ಹಿಡಿದರು. ಕಾಫಿ ಬಿಟ್ಟರು. ಮಾಸಿದ ನೀಲಿ ಕೋಟಿಗೆ ತಾವೇ ಪಟ್ಟಿ ಹೊಲಿದು ಕ್ಯಾಮೆರಾದ ಭಾರವನ್ನು ಕೈಯಿಂದ ಹೆಗಲಿಗೆ ದಾಟಿಸಿದರು. ದೂರ ನಿಂತು ಜೂಮ್ ಮಾಡಬಾರದೇ ಎಂದು ಯಾರಾದರೂ ಕೇಳಿದರೆ, "ಜೂಮ್ ಅಂದ್ರೆ ಚಾಡಿಕೋರ. ಕೈ ಒಂಚೂರು ನಡುಗಿದ್ರೂ ಊರಿಗೆಲ್ಲ ಡಂಗುರ ಹೊಡೆಯುತ್ತೆ" ಎನ್ನುತ್ತಿದ್ದರು. ಅಲುಗಾಟವನ್ನು ಆಮೇಲೆ ಅಳಿಸುವ ಸಾಫ್ಟ್‌ವೇರ್ ಕಂಪ್ಯೂಟರಿನಲ್ಲಿತ್ತು. ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಚಿತ್ರದ ತುಂಬ ಕಾಲೇ ಇದ್ದಾಗ ಅದು ಕ್ಯಾಮೆರಾದ ನಡುಕದ ಜೊತೆಗೆ ಮಂಡಿಯ ನಡುಕವನ್ನೂ ನುಣ್ಣಗೆ ಸವರಿಬಿಡುತ್ತದೆಂದು ಪ್ರಯೋಗ ಮಾಡಿ ಕಂಡಿದ್ದರು.

ಒಮ್ಮೆ ಅದೇ ಕಾರಿಡಾರಿಗೆ ಅವರ ಒಡಹುಟ್ಟಿದ ಅಣ್ಣನೇ ಬಂದ. ಬಸ್ ಚಾಲಕ, ಮೆಟ್ಟಿಲಿನಿಂದ ಉರುಳಿ ತೊಡೆಯ ಮೂಳೆ ಮುರಿದುಕೊಂಡಿದ್ದ. ಮೂಳೆ ಕೂಡಿತ್ತು. ವಿಡಿಯೊ ನೋಡಿ ಡಾಕ್ಟರು ಒಪ್ಪಿದರೆ ಮತ್ತೆ ಬಸ್ಸು, ಇಲ್ಲವಾದರೆ ಡಿಪೊದ ಮೂಲೆಯಲ್ಲೊಂದು ಕುರ್ಚಿ.

"ನಡುಕ ಅಳಿಸೋ ಮಂತ್ರ ಇದೆಯಂತಲ್ಲ ನಿನ್ ಹತ್ರ? ಒಂದ್ಸಲ ಊದಿಬಿಡು ತಾಯಿ" ಎಂದ, ಅರ್ಧ ನಗುತ್ತ.

"ನೀನು ನಡಿ ಅಣ್ಣ. ನಾನು ಪಕ್ಕದಲ್ಲೇ ಬರ್ತೀನಿ."

ಹೇಳಿದರೇ ಹೊರತು ಅಂದು ಮಣಿಕಟ್ಟಿನಲ್ಲಿ ನಾಡಿ ಸುತ್ತಿಗೆಯಂತೆ ಬಡಿಯುತ್ತಿತ್ತು. "ತಡಿ, ಉಸಿರು ಬರಲಿ" ಎಂದು ಗೋಡೆಗೆ ಒರಗಿ ನಿಂತರು. ಉಸಿರು ಹದಕ್ಕೆ ಬಂದ ಮೇಲೆಯೇ ಹೊರಟರು.

ಪರದೆಯ ಮೇಲೆ ಗೋಡೆ, ಕಂಬಿ, ನೆಲ ಎಲ್ಲವೂ ಶಾಂತವಾಗಿ ಹಿಂದೆ ಸರಿದವು. ಕಾಲೂರಿದಾಗಲೆಲ್ಲ ಬಲಮಂಡಿ ಮಾತ್ರ ಸಣ್ಣಗೆ ಹೊರಕ್ಕೆ ಅದುರುತ್ತಿತ್ತು. ಡಾಕ್ಟರು ಮತ್ತೆ ಮತ್ತೆ ನೋಡಿದರು, ಮಂಡಿಯನ್ನು ಸ್ಕ್ಯಾನ್ ಮಾಡಿಸಿದರು. ತೊಡೆಯ ಗದ್ದಲದಲ್ಲಿ ಯಾರ ಗಮನಕ್ಕೂ ಬಾರದೆ ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಕಟ್ಟು ಹರಿದಿತ್ತು. ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ಹಾಸಿಗೆ. ಅಣ್ಣ ಗೋಡೆಗೆ ಮುಖ ಮಾಡಿ ಮಲಗಿ, "ತಂಗಿ ಅಲ್ಲ ಇವಳು, ಪೊಲೀಸು" ಎಂದ. ಅವನು ಮಾತು ಬಿಟ್ಟ ಆ ತಿಂಗಳುಗಳಲ್ಲೂ ಅಕ್ಕ ಕೆಲಸ ಮುಗಿದ ಮೇಲೆ ಅವನ ಮಂಚದ ಪಕ್ಕ ಕೂತೇ ಮನೆಗೆ ಹೋಗುತ್ತಿದ್ದರು.

ಮರುವರ್ಷ ಅವನು ಮತ್ತೆ ಬಸ್ಸು ಹತ್ತಿದ ದಿನ ಅಕ್ಕ ಮುಂದಿನ ಸೀಟಿನಲ್ಲೇ ಕೂತಿದ್ದರು. ಕನ್ನಡಿಯಲ್ಲಿ ನೋಡಿ ಅಣ್ಣ ಕೇಳಿದ: "ಕ್ಯಾಮೆರಾ ಎಲ್ಲೇ?"

"ನಿನ್ನ ಡ್ರೈವಿಂಗಿನ ಕುಲುಕಾಟದ ಮುಂದೆ ನನ್ನ ವಿದ್ಯೆ ನಡೆಯಲ್ಲ ಬಿಡು."

ಇಂಥವರು ಲೋಕದಲ್ಲಿ ವಿರಳ. ನಮ್ಮವರ ಕಷ್ಟವನ್ನು ನೋಡುವಾಗ ನಮ್ಮ ಕಣ್ಣೇ ಕಂಪಿಸುತ್ತದೆ. ಕಂಡದ್ದರಲ್ಲಿ ಅವರದೆಷ್ಟು, ನಮ್ಮ ಭಯದ್ದೆಷ್ಟು ಎಂಬುದು ತಿಳಿಯದೆಯೇ ಮರುಗುತ್ತೇವೆ, ಸಮಾಧಾನದ ಸುಳ್ಳಾಡುತ್ತೇವೆ. ತಮ್ಮ ತಳಮಳವನ್ನು ಅಷ್ಟು ಹೊತ್ತು ಬದಿಗಿಟ್ಟು ಇನ್ನೊಬ್ಬರನ್ನು ಇದ್ದಂತೆ ನೋಡಬಲ್ಲವರ ಮೇಲೆ ನಾವು ಮೊದಲು ಮುನಿಯುತ್ತೇವೆ. ಮುನಿಸು ಇಳಿಯುವವರೆಗೂ ಅವರು ನಮ್ಮ ಪಕ್ಕದಿಂದ ಎದ್ದು ಹೋಗುವುದಿಲ್ಲ.