ಎಡಗಾಲಿನ ಚಪ್ಪಲಿ

ನಮ್ಮನೆಯವರು ಪ್ರವಾಸಿ ಬಸ್ಸಿನ ಡ್ರೈವರು. ಮನೆಯಲ್ಲಿ ಬಾಯಿಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎನ್ನುವ ಹಾಗೆ ಕೂರುವ ಮನುಷ್ಯ, ಈಚೆಗೆ ಒಂದೇ ಜಪ ಹಿಡಿದಿದ್ದರು. ‘ನಮ್ಮ ಗೈಡು ಹೀಗಂದ್ಲು, ನಮ್ಮ ಗೈಡು ಹಾಗಂದ್ಲು.’ ದಿನವಿಡೀ ಹೊಲಿಗೆ ಮಿಷನ್ ತುಳಿಯುವವಳು ನಾನು, ನನ್ನ ಹೊಟ್ಟೆ ಉರಿಯದೆ ಇರುತ್ತದೆಯೆ? ಅವಳು ಯಾವ ಸೀಮೆ ಸುಂದರಿಯೋ ನೋಡಿಯೇಬಿಡೋಣ ಎಂದು ಭಾನುವಾರ ಟಿಕೆಟ್ ಕೊಂಡು ಕಡಲತೀರಕ್ಕೆ ಹೊರಟ ಇವರ ಬಸ್ಸನ್ನೇ ಹತ್ತಿದೆ.

“ನೀನ್ಯಾಕೆ ಬಂದೆ?” ಎಂದರು, ಕಣ್ಣು ಪಿಳಿಪಿಳಿ ಬಿಡುತ್ತ.

“ಯಾಕ್ರೀ, ಸಮುದ್ರ ನಿಮ್ಮಪ್ಪನ ಆಸ್ತಿಯಾ?”

ಗೈಡು ಇವರ ಪಕ್ಕದ ಸೀಟಿನಲ್ಲಿ ಮೈಕು ಹಿಡಿದು ಕೂತಿದ್ದಳು. ಸುಂದರಿಯೇನಲ್ಲ, ಆದರೆ ಮಾತು! ಹಳೆಯ ದೀಪಸ್ತಂಭ, ತುಕ್ಕು ಹಿಡಿದ ಫಿರಂಗಿಗಳು, ಎಲ್ಲದಕ್ಕೂ ಒಂದೊಂದು ಕಥೆ. ಅವಳು ತುಟಿ ಅಲುಗಿಸಿದರೆ ಸಾಕು, ಇವರ ಹಲ್ಲೆಲ್ಲ ಹೊರಗೆ. ಆ ಹಲ್ಲುಗಳನ್ನು ನಾನು ಕೊನೆಯ ಸಲ ನೋಡಿದ್ದು ಮದುವೆ ಫೋಟೋದಲ್ಲಿ.

ಕಡಲಂಚಿನ ಕೋಟೆ ಕಾಣಿಸುತ್ತಲೇ ಗೈಡು ಶುರುಮಾಡಿದಳು. “ಆ ಮೂಲೆ ಕಿಟಕಿ ನೋಡಿ. ಹಡಗಿನ ಕಪ್ತಾನನ ಮನೆ. ಹೊಸದಾಗಿ ಮದುವೆ ಆಗಿತ್ತು. ಹಡಗು ಹೊರಡೋ ದಿನ ಹೆಂಡ್ತಿ ಏನ್ ಮಾಡಿದ್ಲು ಗೊತ್ತಾ? ಅವನ ಎಡಗಾಲಿನ ಚಪ್ಪಲೀನ ನೂಲಿನ ಬುಟ್ಟೀಲಿ ಬಚ್ಚಿಟ್ಟುಬಿಟ್ಲು!”

ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ನನಗೆ ಮೈಯೆಲ್ಲ ಬೆಂಕಿ. ಯಾವ ಕಪ್ತಾನ, ಯಾವ ಕೋಟೆ? ಇವರು ಮೊದಲ ಸಲ ದೂರದ ಟ್ರಿಪ್ಪಿಗೆ ಹೊರಟಾಗ ಚಪ್ಪಲಿ ಬಚ್ಚಿಟ್ಟವಳು ನಾನು! ಇದ್ದದ್ದೇ ಒಂದು ಜೊತೆ. ಟ್ರಿಪ್ಪು ಬೇರೆಯವನ ಪಾಲಾಗಿ, ‘ಎಲ್ಲಾ ನಿನ್ನಿಂದ’ ಎಂದು ಇವರು ವಾರವಿಡೀ ಮುಖ ಊದಿಸಿಕೊಂಡಿದ್ದರು. ನಮ್ಮಿಬ್ಬರ ನಡುವಿನ ಗುಟ್ಟನ್ನು ತಂದು ಇವಳ ಮಡಿಲಿಗೆ ಸುರಿದಿದ್ದಾರೆ!

ಕೋಟೆಯ ಬಾಗಿಲಲ್ಲಿ ಅವಳನ್ನು ಅಡ್ಡಗಟ್ಟಿದೆ. “ಆ ಕಥೆ ನಿನಗ್ಯಾರು ಹೇಳಿದ್ರು?”

“ನಮ್ ಡ್ರೈವರಣ್ಣ. ಅವರ ಮನೇದೇ ಕಥೆ ಅಕ್ಕಾ. ಕೊನೆ ಮಾತ್ರ ಮೈಕಲ್ಲಿ ಹೇಳ್ಬೇಡ ಅಂತಾರೆ, ನಾಚಿಕೆಯಂತೆ.”

“ಏನದು ಕೊನೆ?”

“ಚಪ್ಪಲಿ ಆಗ್ಲೇ ಸಿಕ್ಕಿತ್ತಂತೆ. ಹೆಂಡ್ತಿ ಮುಖ ನೋಡಿ ಹೊರಡೋಕೆ ಮನಸ್ಸು ಬರ್ಲಿಲ್ಲವಂತೆ. ಬುಟ್ಟೀಲೇ ವಾಪಸ್ ಇಟ್ಟು ಸಂಜೆವರೆಗೂ ಹುಡುಕೋ ನಾಟಕ ಮಾಡಿದ್ರಂತೆ!”

ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಹೊಟ್ಟೆಯುರಿ ಇನ್ನೂ ಜೋರಾಯಿತು. ಇಷ್ಟು ವರ್ಷ ನನ್ನ ಕಿವಿ ಇವರ ಪಕ್ಕದಲ್ಲೇ ಇತ್ತಲ್ಲ! ನನಗೆ ಸೇರಬೇಕಾದ ಮಾತು ಮೊದಲು ಅವಳಿಗೆ ಯಾಕೆ ಸಿಕ್ಕಿತು?

ವಾಪಸು ಹೊರಡುವಾಗ ಹೋಗಿ ಮುಂದಿನ ಸೀಟಿನಲ್ಲಿ ಕೂತೆ.

“ಅಕ್ಕಾ, ಅದು ನನ್ನ ಸೀಟು.”

“ಇವತ್ತಲ್ಲ ಕಣಮ್ಮ.”

ಬಸ್ಸು ಹೊರಟಿತು. “ಚಪ್ಪಲಿ ಆಗ್ಲೇ ಸಿಕ್ಕಿತ್ತಂತೆ?” ಎಂದು ಕೇಳಿದೆ. ಇವರ ಕಿವಿ ಕೆಂಪಗಾಯಿತು. ಜೋರಾಗಿ ಹಾರ್ನ್ ಹೊಡೆದರು. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ನಾಳೆ ಬೆಳಿಗ್ಗೆ ಇವರಿಗೆ ಟ್ರಿಪ್ಪಿದೆ. ಎಡಗಾಲಿನ ಶೂ ನನ್ನ ನೂಲಿನ ಬುಟ್ಟಿಯಲ್ಲಿದೆ. ಎಷ್ಟು ಹೊತ್ತು ಹುಡುಕುತ್ತಾರೋ ನೋಡೇಬಿಡುತ್ತೇನೆ.